ತಟ್ಟೆ ತಿರುಗುವವರೆಗೆ

"ಆ ಗಂಟು ಮಾತ್ರ ಮುಟ್ಟಬೇಡಪ್ಪ," ಎಂದ ಮುದುಕ ಆಪರೇಟರ್. "ಬೇರೆ ಏನು ಬೇಕಾದರೂ ಬಿಚ್ಚು. ಅದೊಂದನ್ನ ಬಿಟ್ಟುಬಿಡು."

ರಿಪೇರಿಯವನು ಟಾರ್ಚ್ ಹಿಡಿದು ಬಗ್ಗಿದ. ಮೂರು ಅಗಲವಾದ ಅಲ್ಯೂಮಿನಿಯಂ ತಟ್ಟೆಗಳು ಒಂದರ ಮೇಲೊಂದು, ಒಂದೇ ಕಂಬಕ್ಕೆ ಕೂತಿದ್ದವು. ಇಡೀ ಸಿನಿಮಾವನ್ನು ಒಂದೇ ಸುರುಳಿಯಾಗಿ ಒಂದು ತಟ್ಟೆಯ ಮೇಲೆ ಮಲಗಿಸುತ್ತಾರೆ. ಸುರುಳಿಯ ಹೊಟ್ಟೆಯಿಂದ ಫಿಲ್ಮು ಎದ್ದು ಪ್ರೊಜೆಕ್ಟರಿನ ಒಳಗೆ ಹಾದು, ಹಿಂದಿರುಗಿ ಇನ್ನೊಂದು ತಟ್ಟೆಗೆ ಸುತ್ತಿಕೊಳ್ಳುತ್ತದೆ. ತಟ್ಟೆಯ ನಡುವಿನ ಅಂಗೈಯಗಲದ ಪೆಟ್ಟಿಗೆಗೆ ಈ ಕಸುಬಿನವರು ಮಿದುಳು ಎನ್ನುತ್ತಾರೆ. ಅದರಲ್ಲಿ ಬೆರಳುದ್ದದ ಒಂದು ತೋಳಿದೆ. ಫಿಲ್ಮು ಎಳೆದಷ್ಟು ತೋಳು ವಾಲುತ್ತದೆ, ವಾಲಿದಷ್ಟನ್ನು ಒಂದು ಪುಟ್ಟ ಸೆನ್ಸರ್ ನೋಡಿಕೊಳ್ಳುತ್ತದೆ, ಅದು ಹೇಳಿದ ವೇಗಕ್ಕೆ ತಟ್ಟೆ ತಿರುಗುತ್ತದೆ. ಆ ತೋಳಿನ ಬುಡಕ್ಕೆ ಯಾರೋ ಕೂದಲು ಸುತ್ತಿ ಗಂಟು ಹಾಕಿದ್ದರು. ಎಣ್ಣೆ ಕುಡಿದು ಕಪ್ಪಗೆ ಮಿನುಗುತ್ತಿದ್ದ ಬಿಗಿಯಾದ ಗಂಟು.

"ಯಾರದಜ್ಜ ಈ ಕೂದಲು? ನಾಯಕೀದಾ?"

ಮುದುಕ ನಗಲಿಲ್ಲ. "ಮಾಟದ್ದು," ಎಂದ, ಕೆಮ್ಮು ಬಂದಿದೆ ಎನ್ನುವಷ್ಟೇ ಸಾದಾ ದನಿಯಲ್ಲಿ.

"ಸೋಮವಾರ ಗುಜರಿಗೆ ಹೋಗೋ ಯಂತ್ರಕ್ಕೆ ಯಾರಜ್ಜ ಮಾಟ ಮಾಡ್ತಾರೆ? ಮಾಡೋರಿಗೂ ಬೇರೆ ಕೆಲಸ ಇರುತ್ತೆ."

ಟಾಕೀಸಿನ ಯಜಮಾನ ಫೋನಿನಲ್ಲಿ ಎಲ್ಲ ಹೇಳಿದ್ದ. ನಾಳೆ ಭಾನುವಾರ ಕೊನೆಯ ಆಟ, ಹಳೆಯ ನೋಡುಗರ ಒತ್ತಾಯಕ್ಕೆ ಹಳೆಯ ಫಿಲ್ಮಿನಲ್ಲೇ. ಸೋಮವಾರ ಬೆಳಗ್ಗೆ ಗುಜರಿಯವರು ಬರುತ್ತಾರೆ, ಆಮೇಲೆ ಕಟ್ಟಡ ಬೀಳುತ್ತದೆ. ತಟ್ಟೆ ತಿರುಗುತ್ತ ತಿರುಗುತ್ತ ಗಕ್ಕನೆ ನಿಲ್ಲುತ್ತದೆ, ಮತ್ತೆ ಹುಚ್ಚು ಹಿಡಿದಂತೆ ಓಡುತ್ತದೆ, ಫಿಲ್ಮನ್ನೆಲ್ಲ ನೆಲಕ್ಕೆ ಕಕ್ಕುತ್ತದೆ. ಒಂದು ಆಟದ ಮಟ್ಟಿಗೆ ಸರಿಮಾಡಿಕೊಡಿ ಎಂದಿದ್ದ. ಮುದುಕನ ಬಗ್ಗೆಯೂ ಒಂದು ಮಾತು ಹೇಳಿದ್ದ. ಆಟ ಇರಲಿ ಬಿಡಲಿ, ಅವನು ಹಗಲೂ ರಾತ್ರಿ ಖಾಲಿ ತಟ್ಟೆ ತಿರುಗಿಸಿಕೊಂಡು ಕೂತಿರುತ್ತಾನೆ, ಹೇಳಿದರೆ ಕೇಳುವುದಿಲ್ಲ, ವಯಸ್ಸಾಯಿತು.

ಈಗಲೂ ನಡುವಿನ ತಟ್ಟೆ ಖಾಲಿ ತಿರುಗುತ್ತಿತ್ತು. ಕೋಣೆಗೆ ಕಿಟಕಿಯಿರಲಿಲ್ಲ. ಹೊರಗೆ ಬೆಳಗಿನ ಹತ್ತು ಗಂಟೆಯ ಬಿಸಿಲಿದ್ದರೂ ಇಲ್ಲಿ ಒಂದು ಮಂಕು ಬಲ್ಬು, ಪ್ರೊಜೆಕ್ಟರಿನ ಎದುರಿನ ಚೌಕದ ಗಾಜಿನಾಚೆ ಖಾಲಿ ಸಭಾಂಗಣದ ಕತ್ತಲು. ಹಳೆಯ ಫಿಲ್ಮು ಕೊಳೆಯುವಾಗ ಬರುವ ಹುಳಿ ವಾಸನೆ, ಸುಟ್ಟ ಧೂಳಿನ ವಾಸನೆ, ಇವೆರಡರ ಅಡಿಯಲ್ಲಿ ಬಹಳ ದಿನ ಬಿಚ್ಚದ ಹಾಸಿಗೆಯ ವಾಸನೆ. ಮೂಲೆಯಲ್ಲಿ ಒಂದು ಹಾಸಿಗೆ ನಿಜವಾಗಿಯೂ ಇತ್ತು.

"ಓದಿದವನು ನೀನು, ನಿನಗೆ..." ಎಂದು ಮುದುಕ ಶುರುಮಾಡಿದ. ತಟ್ಟೆ ಗಕ್ಕನೆ ನಿಂತಿತು. ಮುದುಕನ ಬಾಯಿ ತೆರೆದೇ ಇತ್ತು. ಕಣ್ಣು ರೆಪ್ಪೆ ಬಡಿಯಲಿಲ್ಲ. ತಟ್ಟೆ ಮತ್ತೆ ತಿಣುಕಿಕೊಂಡು ತಿರುಗಿತು. "...ಇದೆಲ್ಲ ತಮಾಷೆ," ಎಂದು ಅವನು ಮುಗಿಸಿದ.

ಪಾಪ, ಮುದಿಮರೆವು ಎಂದುಕೊಂಡ ರಿಪೇರಿಯವನು.

ಅವನಿಗೂ ಸುಸ್ತಾಗಿತ್ತು. ಹದಿನೆಂಟು ವರ್ಷದಿಂದ ಸಾಯುವ ಯಂತ್ರಗಳ ಹಿಂದೆ ಊರೂರು ತಿರುಗಿದ್ದ. ಅವನು ಸರಿಮಾಡಿಟ್ಟ ಯಂತ್ರಗಳಲ್ಲಿ ಈಗ ಒಂದೂ ಓಡುತ್ತಿರಲಿಲ್ಲ. ಇದೇ ಕೊನೆಯದು ಎಂದು ಅಕ್ಕನಿಗೆ ಮಾತು ಕೊಟ್ಟು ಬಂದಿದ್ದ. ಸೋಮವಾರ ಹತ್ತು ಗಂಟೆಗೆ ಅವಳ ಕಣ್ಣಿನ ಆಪರೇಷನ್ನು. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿದವಳು, ಅವನಿಗಾಗಿಯೇ ಮದುವೆ ಬೇಡವೆಂದವಳು, ಯಾವತ್ತೂ ಏನನ್ನೂ ಕೇಳಿದವಳಲ್ಲ. ಈ ಸಲ ಕೇಳಿದ್ದಳು. ಒಳಗೆ ಕರ್ಕೊಂಡು ಹೋಗೋ ಮುಂಚೆ ಎರಡು ಕಣ್ಣಿಗೂ ಪಟ್ಟಿ ಕಟ್ತಾರಂತೆ ಕಣೋ, ಕಟ್ಟುವಾಗ ನಿನ್ನ ದನಿ ಕೇಳಬೇಕು, ಇಲ್ಲದಿದ್ದರೆ ನನಗೆ ಭಯ. ಬೆಳಗ್ಗೆ ಹೊರಡುವ ಮುಂಚೆ ಹಿಡಿಕೆ ಕಿತ್ತ ಅವನ ಚೀಲವನ್ನು ಕಿತ್ತುಕೊಂಡು, ಕಾಣದ ಕಣ್ಣಲ್ಲೇ ತಡವಿ ತಡವಿ ಹೊಲಿದುಕೊಟ್ಟಿದ್ದಳು. ಹೊಲಿಗೆ ಹಾವು ಹರಿದಂತೆ ಸೊಟ್ಟಗಿತ್ತು.

ನಾಲ್ಕೂವರೆ ಬಸ್ಸಿಗೆ ಅವನು ಹೊರಡಲೇಬೇಕಿತ್ತು.

ಮೇನ್ ಸ್ವಿಚ್ ಆರಿಸಿದ. ತಟ್ಟೆ ನಿಧಾನವಾಗಿ ನಿಂತಿತು. ಮುದುಕ ಕೂತ ಸ್ಟೂಲಿನ ಮೇಲೇ ಗೋಡೆಗೆ ತಲೆಯಾನಿಸಿ ನಿದ್ದೆಹೋದ. ಒಳ್ಳೆಯದಾಯಿತು, ಮಾತಿನ ಕಾಟ ತಪ್ಪಿತು.

ರಿಪೇರಿಯವನಿಗೆ ಒಂದೇ ಶಾಸ್ತ್ರ. ಮಡಿಸಿ ಮಡಿಸಿ ಹರಿದ ಸರ್ಕ್ಯೂಟ್ ನಕ್ಷೆಯನ್ನು ನೆಲದ ಮೇಲೆ ಹರಡುತ್ತಾನೆ. ನಕ್ಷೆಯಲ್ಲಿ ಇರುವುದು ಯಂತ್ರದಲ್ಲಿ ಇರಬೇಕು. ನಕ್ಷೆಯಲ್ಲಿ ಇಲ್ಲದ್ದು ಯಂತ್ರದಲ್ಲಿ ಇರಬಾರದು. ಪವರ್ ಸಪ್ಲೈಯಲ್ಲಿ ಎರಡು ಕೆಪಾಸಿಟರುಗಳು ಹೊಟ್ಟೆಯುಬ್ಬಿ ರಸ ಕಾರಿಕೊಂಡಿದ್ದವು; ಕಿತ್ತು ಹೊಸದು ಹಾಕಿದ. ಬಿರುಕು ಬಿಟ್ಟ ಬೆಸುಗೆಗಳಿಗೆ ಮತ್ತೆ ಕಾಯಿಸಿದ ಸೀಸ ತಾಗಿಸಿದ. ಸೆನ್ಸರಿನ ಕಣ್ಣಿಗೆ ಮೆತ್ತಿದ್ದ ಜಿಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಫಿಲ್ಮಿನ ಮೇಲೆ ಒರಗಿ ನಿಲ್ಲುವ ಒಂದು ಕಾವಲು ಕಡ್ಡಿ ಇದೆ: ಫಿಲ್ಮು ಹರಿದರೂ ಮುಗಿದರೂ ಕಡ್ಡಿ ಬೀಳುತ್ತದೆ, ಬಿದ್ದ ಕೂಡಲೇ ಇಡೀ ಯಂತ್ರ ತಾನಾಗಿ ನಿಲ್ಲುತ್ತದೆ. ಅದು ಕೆಲಸ ಮಾಡದ ಹಾಗೆ ಯಾರೋ ಒಳಗೆ ಒಂದು ವೈರಿನ ತುಂಡು ಬೆಸೆದಿದ್ದರು. ನಕ್ಷೆಯಲ್ಲಿ ಇಲ್ಲದ ವೈರು. ಕಿತ್ತೆಸೆದು, ನಾಲ್ಕು ಸ್ಕ್ರೂ ಬಿಗಿದು ಮುಚ್ಚಳ ಹಾಕಿದ.

ಪರೀಕ್ಷೆಗೆಂದು ಇಪ್ಪತ್ತು ನಿಮಿಷದ ಒಂದು ರೀಲನ್ನು ನಡುವಿನ ತಟ್ಟೆಗೆ ಏರಿಸಿ, ಫಿಲ್ಮು ಪೋಣಿಸಿ, ಮೇನ್ ಹಾಕುವಷ್ಟರಲ್ಲಿ ಮೂರು ಗಂಟೆ ಹೊಡೆದಿತ್ತು. ಪ್ರೊಜೆಕ್ಟರ್ ಕಟಕಟ ಎಂದಿತು. ತಟ್ಟೆ ತಿರುಗಿತು. ಹಿಂದೆ ಮುದುಕ ಎಚ್ಚರಗೊಂಡ ಸದ್ದಾಯಿತು.

ಎಲ್ಲ ಸರಿಯಿತ್ತು, ಒಂದರ ಹೊರತು. ತೋಳು ವಾಲಿದ್ದು ಪೂರ್ತಿ ವಾಪಸು ಬರುತ್ತಿರಲಿಲ್ಲ. ಬುಡದಲ್ಲಿ ಆ ಗಂಟು ಅದನ್ನು ಕಚ್ಚಿ ಹಿಡಿದಿತ್ತು. ಇಷ್ಟು ಹೊತ್ತು ಹುಡುಕಿದ ರೋಗ ಇಲ್ಲಿ ಕೂತಿತ್ತು, ಒಂದು ಚಿಟಿಕೆ ಕೂದಲಿನಲ್ಲಿ. ಅವನಿಗೆ ನಗು ಬಂತು. ಕಟರ್ ತೆಗೆದುಕೊಂಡ. ಒಮ್ಮೆ ತಿರುಗಿ ನೋಡಿದ. ಮುದುಕ ಎದ್ದು ನಿಂತಿದ್ದ. ಕೈಯನ್ನು ಅರ್ಧ ಎತ್ತಿದ್ದ, ಬೇಡವೆನ್ನಲೋ ಹೂಂ ಎನ್ನಲೋ ತಿಳಿಯದ ಹಾಗೆ.

ಕಟರ್ ಕಚ್ಚಿತು. ಗಂಟು ತುಂಡಾಗಿ ಬಿತ್ತು.

ತೋಳು ಹಗುರಾಗಿ ಎದ್ದಿತು. ತಟ್ಟೆ ಬೆಣ್ಣೆಯಲ್ಲಿ ಜಾರಿದಂತೆ ತಿರುಗತೊಡಗಿತು. "ಆಯ್ತಲ್ಲ ಅಜ್ಜ ನಿಮ್ಮ ಮಾಟ," ಎನ್ನಲು ಹೋದವನಿಗೆ ಉಸಿರು ಸಿಕ್ಕಿಕೊಂಡಿತು. ಎದೆಯ ಒಳಗೆ ಯಾರೋ ಹಗ್ಗದ ತುದಿ ಹಿಡಿದು ಎಳೆದ ಹಾಗೆ. ಫಿಲ್ಮು ಬಿಗಿಯಾದಾಗ ತೋಳು ವಾಲಿತು, ಅವನ ಎದೆ ಓಡಿತು. ಫಿಲ್ಮು ಸಡಿಲಾಯಿತು, ಎದೆ ನಿಧಾನವಾಯಿತು. ಮತ್ತೆ ವಾಲಿತು. ಮತ್ತೆ ಓಡಿತು.

ಅವನು ನಿಲ್ಲಿಸುವ ಗುಂಡಿ ಒತ್ತಿದ.

ಕೋಣೆ ಕಪ್ಪಾಯಿತು. ಬಲ್ಬು ಆರಿರಲಿಲ್ಲ, ಕಪ್ಪಾದದ್ದು ಅವನೇ. ಎದೆಯಲ್ಲಿ ಏನೂ ಇರಲಿಲ್ಲ. ಸದ್ದಿಲ್ಲ. ಮಂಡಿ ನೆಲಕ್ಕೆ ಬಡಿದದ್ದು ಮಾತ್ರ ದೂರದಲ್ಲೆಲ್ಲೋ ಕೇಳಿತು. ಆಮೇಲೆ ಯಾರದೋ ಕೈ ಗುಂಡಿಯನ್ನು ಒತ್ತಿತು. ಕಟಕಟ. ಉಸಿರು ಚೂರಿಯಂತೆ ಒಳಗೆ ಬಂತು.

ಒತ್ತಿದವನು ಮುದುಕ. "ನಿಲ್ಲಿಸಬೇಡ," ಎಂದ. "ಗಂಟು ಇದ್ದರೆ ತಟ್ಟೆ ನಿಂತಾಗ ಮನುಷ್ಯ ಮಲಗ್ತಾನೆ, ತಿರುಗಿದಾಗ ಏಳ್ತಾನೆ. ಗಂಟು ಇಲ್ಲದಿದ್ದರೆ ನಿಂತದ್ದು ನಿಂತ ಹಾಗೇ. ಕತ್ತರಿಸಿದವನ ಮೇಲೆ ಬರುತ್ತೆ ಅದು."

ಅವನು ಈಗ ತಡವರಿಸುತ್ತಿರಲಿಲ್ಲ. ಅಳುವುದಕ್ಕೂ ನಗುವುದಕ್ಕೂ ನಡುವಿನ ಒಂದು ಮುಖದಲ್ಲಿ, ತನ್ನ ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಬೇರೆಯವರ ಕತೆ ಹೇಳುವವನ ಹಾಗೆ ಹೇಳಿದ. ಮೊದಲು ಇಲ್ಲಿ ಎರಡು ಪ್ರೊಜೆಕ್ಟರು, ಇಬ್ಬರು ಆಪರೇಟರುಗಳು. ತಟ್ಟೆ ಬಂದ ಮೇಲೆ ಒಬ್ಬನೇ ಸಾಕಾಯಿತು. ಇವನು ಯಜಮಾನನ ಕಿವಿಯಲ್ಲಿ ಜೊತೆಗಾರನ ಬಗ್ಗೆ ಒಂದು ಸುಳ್ಳು ಹೇಳಿ ಉಳಿದುಕೊಂಡ. ಜೊತೆಗಾರ ಎರಡು ತಿಂಗಳಲ್ಲಿ ಸತ್ತ. ಅವನ ತಾಯಿ ಒಂದು ಬೆಳಗ್ಗೆ ಮೆಟ್ಟಿಲು ಹತ್ತಿ ಬಂದು, ಮಗನ ಸಾಮಾನು ತಗೊಂಡು ಹೋಗ್ತೀನಪ್ಪ ಎಂದು, ಕಪಾಟಿನಿಂದ ಇವನ ಬಾಚಣಿಗೆ ಎತ್ತಿಕೊಂಡಳು. ಅದರಲ್ಲಿದ್ದ ಕೂದಲು ತೆಗೆದು ಗಂಟು ಹಾಕುವಾಗ ಬೈಯಲಿಲ್ಲ, ಕೂಗಲಿಲ್ಲ. ಇದು ತಿರುಗೋ ತನಕ ನೀನೂ ತಿರುಗು ಎಂದಳು ಅಷ್ಟೆ. ಆಗ ಇವನ ಕೂದಲು ಕಪ್ಪಗಿತ್ತು. ಮೂವತ್ತೊಂದು ವರ್ಷ. ಮಗಳ ಮದುವೆಗೆ ಹೋಗಲಾಗಲಿಲ್ಲ, ಹೆಂಡತಿಯ ಮಣ್ಣಿಗೂ. ಗಂಟಿನ ಹತ್ತಿರ ಇವನ ಕೈ ಹೋಗುತ್ತಿರಲಿಲ್ಲ. ಬಂದ ಪ್ರತಿ ರಿಪೇರಿಯವನಿಗೂ ಕತೆ ಪೂರ್ತಿ ಹೇಳಿದ್ದ, ಎಲ್ಲರೂ ಹೆದರಿ ಗಂಟನ್ನು ಬಿಟ್ಟು ಹೋಗಿದ್ದರು.

"ನನಗೆ ಯಾಕೆ ಪೂರ್ತಿ ಹೇಳಲಿಲ್ಲ?"

ಮುದುಕ ನೆಲ ನೋಡಿದ. "ಸೋಮವಾರ ಬರ್ತಿದೆಯಲ್ಲಪ್ಪ. ಸುಸ್ತಾಗಿತ್ತು ನನಗೆ."

ಪ್ರೊಜೆಕ್ಟರ್ ಕಟಕಟ ಎನ್ನುತ್ತಲೇ ಇತ್ತು. ನಡುವಿನ ತಟ್ಟೆಯ ಮೇಲೆ ಸುರುಳಿ ಅಂಗೈಯಗಲದಿಂದ ಮೂರು ಬೆರಳಗಲಕ್ಕೆ ಇಳಿದಿತ್ತು. ಬಾಲ ದಾಟಿದರೆ ಕಾವಲು ಕಡ್ಡಿ ಬೀಳುತ್ತದೆ. ಎಲ್ಲ ತಾನಾಗಿ ನಿಲ್ಲುತ್ತದೆ. ಅವನೇ ಸರಿಮಾಡಿದ್ದು. ತಪ್ಪುವುದಿಲ್ಲ.

"ಏನು ಮಾಡಬೇಕು?"

"ಇನ್ನೊಂದು ಕೂದಲು ಕಟ್ಟು. ಯಾರದು ಕಟ್ತೀಯೋ ಅವರ ಮೇಲೆ ಹೋಗುತ್ತೆ."

ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಕಿತ್ತ ವೈರನ್ನು ಮತ್ತೆ ಬೆಸೆಯಬೇಕು. ಬೆಸುಗೆ ಕಡ್ಡಿ ತಣ್ಣಗಾಗಿದೆ. ಒಂದು ಸ್ಕ್ರೂ ಬಿಚ್ಚುವಷ್ಟರಲ್ಲಿ ಸ್ಕ್ರೂಡ್ರೈವರ್ ಜಾರಿತು. ಎರಡು ಬೆರಳು. ಅವನು ತನ್ನ ತಲೆ ಸವರಿದ. ಬೇಸಿಗೆಗೆಂದು ಹೋದ ವಾರ ಬುಡಮಟ್ಟ ಕತ್ತರಿಸಿದ ಕೂದಲು, ಉಗುರಿಗೂ ಸಿಗುವುದಿಲ್ಲ. ಮುದುಕನತ್ತ ತಿರುಗಿದ. ಮುದುಕ ಆಗಲೇ ಬಾಗಿಲಾಚೆ ಇದ್ದ, ತನ್ನ ಬಿಳಿ ತಲೆಯನ್ನು ಎರಡು ಕೈಯಿಂದ ಮುಚ್ಚಿಕೊಂಡು. ಒಂದು ಬೆರಳು. ಸುರುಳಿ ಹಗುರಾಗಿ ಬೇಗ ಬೇಗ ತಿರುಗಿತು. ಅವನ ಎದೆಯೂ. ನೆಲ ತಡವಿದ. ಚೀಲ ಸಿಕ್ಕಿತು. ಹಿಡಿಕೆ ಸಿಕ್ಕಿತು.

ಸೊಟ್ಟ ಹೊಲಿಗೆಯಲ್ಲಿ ದಾರದ ಜೊತೆ ಸೇರಿ ಹೊಲಿದುಹೋದ ಒಂದು ಉದ್ದನೆಯ ಕೂದಲು. ಅರ್ಧ ಕಪ್ಪು, ಅರ್ಧ ಬಿಳಿ.

ಎಳೆದ. ಬಂತು. ತೋಳಿನ ಬುಡಕ್ಕೆ ಸುತ್ತಿದ. ಒಂದು ಸುತ್ತು. ಎರಡು. ಬೆರಳು ಜಾರಿತು. ಬಾಲ ಎದ್ದಿತು. ಬಿಳಿಯ ಬಾಲ ಉರುಳೆ ದಾಟಿ ಪ್ರೊಜೆಕ್ಟರಿಗೆ ಹೋಯಿತು. ಗಂಟು. ಬಿಗಿದ.

ಕಡ್ಡಿ ಬಿತ್ತು. ಎಲ್ಲ ನಿಂತಿತು.

ಅವನ ಎದೆ ಹೊಡೆದುಕೊಳ್ಳುತ್ತಲೇ ಇತ್ತು.

ಕಾಲು ಗಂಟೆ ಅಲ್ಲೇ ಕೂತಿದ್ದ. ಕೆಳಗೆ ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಇಳಿಯುವ ಸದ್ದು ಕೇಳಿತು, ಆಮೇಲೆ ದೊಡ್ಡ ಬಾಗಿಲು ತೆರೆದ ಸದ್ದು, ಬೀದಿಯ ಗದ್ದಲ ಒಂದು ಕ್ಷಣ, ಮತ್ತೆ ಮೌನ. ಆಮೇಲೆ ಅವನು ಎದ್ದು ಒಂದು ರೀಲು ಏರಿಸಿ ಹತ್ತು ನಿಮಿಷ ಓಡಿಸಿದ. ತೋಳು ಸರಿಯಾಗಿತ್ತು, ಒಂದೆಳೆ ಕೂದಲು ಅದಕ್ಕೆ ಭಾರವಾಗಿರಲಿಲ್ಲ. ಸಾಮಾನು ಚೀಲಕ್ಕೆ ತುಂಬಿ, ಹೊರಡುವಾಗ ಮೇನ್ ಆರಿಸಿ ಬೀಗ ಹಾಕಿದ. ಮೇನ್ ಆರಿಸದೆ ಹೋಗುವುದು ಕಸುಬಿನವರ ಲಕ್ಷಣವಲ್ಲ. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಅದು ಯಾರ ಕೂದಲೋ ಏನೋ ಎಂದುಕೊಂಡ. ಚೀಲ ಎಲ್ಲೆಲ್ಲಿ ಬಿದ್ದಿರುತ್ತದೋ. ಮನೆ ಬರುವ ತನಕ ಅದನ್ನೇ ಹೇಳಿಕೊಂಡ.

ಅಕ್ಕ ಒಳಬಾಗಿಲ ಹತ್ತಿರ ಗೋಡೆಗೊರಗಿ ಕೂತಿದ್ದಳು. ಮಡಿಲಲ್ಲಿ ಮೊರ, ಮೊರದಲ್ಲಿ ಅರ್ಧ ಸುಲಿದ ಬಟಾಣಿ, ಬೆರಳ ನಡುವೆ ಒಂದು ಬಿಚ್ಚಿದ ಸಿಪ್ಪೆ. ಕಣ್ಣು ತೆರೆದಿತ್ತು. ಪಕ್ಕದ ಮನೆಯಾಕೆ ಅವಳ ಅಂಗಾಲು ತಿಕ್ಕುತ್ತಿದ್ದಳು. ಮೂರು ಗಂಟೆ ಆಗಿ ಸ್ವಲ್ಪ ಹೊತ್ತಿಗೆ ಅಕ್ಕ ಎದೆ ಹಿಡಿದುಕೊಂಡು ಹಾಗೇ ತೂಕಡಿಸಿದಳಂತೆ. ಆಮೇಲೆ ಎಚ್ಚರಾಗಿ, ಕಣ್ಣ ಮುಂದೆ ಚಿತ್ರ ಓಡ್ತಿದೆ ಕಣೇ, ಚೌಕ ಚೌಕ, ಮುಚ್ಚಿದರೂ ನಿಲ್ಲಲ್ಲ ಎಂದು ನಗಾಡಿದಳಂತೆ. ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ, ಮಾತಾಡ್ತಾ ಮಾತಾಡ್ತಾ, ಹೀಗೆ. ಬೀದಿಯ ಡಾಕ್ಟರು ಬಂದು ನಾಡಿ ಇದೆ ಎಂದಷ್ಟೇ ಹೇಳಿ ಹೋಗಿದ್ದರು.

ಅವನು ಚೀಲ ಇಳಿಸಲಿಲ್ಲ. ಬಾಗಿಲಿಂದಲೇ ಹಿಂದಿರುಗಿದ.

ನಾಳೆಯ ಆಟಕ್ಕೆ ಆಪರೇಟರ್ ಕೈಕೊಟ್ಟನೆಂದು ತಲೆ ಕೆರೆದುಕೊಳ್ಳುತ್ತಿದ್ದ ಯಜಮಾನ ಕೀಲಿಯನ್ನು ಖುಷಿಯಿಂದಲೇ ಕೊಟ್ಟ. ರಿಪೇರಿಯವನು ಮೇನ್ ಹಾಕಿ, ಒಂದು ರೀಲು ಏರಿಸಿ ತಟ್ಟೆ ತಿರುಗಿಸಿ, ಪಕ್ಕದ ಮನೆಗೆ ಫೋನ್ ಮಾಡಿದ. "ಎದ್ದಳಪ್ಪ," ಎಂದಳು ಆಕೆ. "ಬಟಾಣಿ ಯಾರು ತೆಗೆದಿಟ್ಟರು ಅಂತ ಜಗಳ ಆಡ್ತಿದಾಳೆ." ಅವನು ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ, ಕಾವಲು ಕಡ್ಡಿ ಕೆಲಸ ಮಾಡದಂತೆ ಆ ವೈರಿನ ತುಂಡನ್ನು ಇದ್ದಲ್ಲೇ ಮತ್ತೆ ಬೆಸೆದ. ನಕ್ಷೆಯನ್ನು ಮಡಿಸಿ ಹಾಸಿಗೆಯ ಕೆಳಗೆ ಇಟ್ಟ.

ಭಾನುವಾರದ ಆಟ ನಡೆಯಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವನು ತಟ್ಟೆಯನ್ನು ನಿಲ್ಲಿಸಲಿಲ್ಲ. ಸೋಮವಾರ ಬೆಳಕು ಹರಿದರೂ ನಿಲ್ಲಿಸಲಿಲ್ಲ. ಗಂಟನ್ನು ತಾನೇ ಕತ್ತರಿಸಬಹುದಿತ್ತು. ಮುದುಕನ ಕೈಯಂತಲ್ಲ, ಅವನ ಕೈ ಅದರ ಹತ್ತಿರ ಹೋಗುತ್ತಿತ್ತು. ಮೂರು ಸಲ ಕಟರ್ ಒಯ್ದ. ಮೂರು ಸಲವೂ ಎದೆಯಲ್ಲಿ ಏನೂ ಇಲ್ಲದಿದ್ದ ಆ ಕ್ಷಣ ನೆನಪಾಗಿ ಕೈ ವಾಪಸು ಬಂತು. ಯಜಮಾನನಿಗೆ ಹೇಳಿನೋಡಿದ. ಆತ ಕನಿಕರದಿಂದ ನೋಡಿ, ಹನ್ನೊಂದಕ್ಕೆ ಕರೆಂಟಿನವರು ಲೈನ್ ಕೀಳ್ತಾರೆ, ಅಷ್ಟರಲ್ಲಿ ಮುಖ ತೊಳೆದುಕೊಂಡು ಊರಿಗೆ ಹೊರಡಿ ಎಂದ.

ಒಂಬತ್ತು ಮುಕ್ಕಾಲಿಗೆ ಗುಜರಿಯವನು ಮೆಟ್ಟಿಲು ಹತ್ತಿ ಬಂದ. ಮೂವತ್ತರ ಆಚೀಚಿನ ಗಟ್ಟಿ ಆಳು, ಹೆಗಲಿಗೆ ಹತಾರದ ಚೀಲ, ಬಾಯಲ್ಲಿ ಗುನುಗು. ಮೇನ್ ಆಮೇಲೆ ಆರಿಸಿದರಾಯಿತು, ಮೊದಲು ಸಣ್ಣಪುಟ್ಟ ಬಿಚ್ಚಿಕೊಳ್ಳುತ್ತೇನೆ ಎಂದು ತಾನೇ ಹೇಳಿದ. ಅಂಗಿಯ ತೋಳು ಮಡಿಸಿಕೊಂಡ. ಅವನ ಮಣಿಕಟ್ಟಿಗೆ ಪುಟ್ಟ ಹುಡುಗಿಯ ಜಡೆಯ ರಬ್ಬರ್ ಬ್ಯಾಂಡು, ಗುಲಾಬಿ ಬಣ್ಣದ್ದು. ಅವಸರದಲ್ಲಿ ಜಡೆ ಹಾಕಿ ಕಳಿಸಿದ ಅಪ್ಪನ ಕೈ. ಬ್ಯಾಂಡಿಗೆ ಎರಡು ಮೂರು ಎಳೆ ಕೂದಲು ಸುತ್ತಿಕೊಂಡಿತ್ತು.

ರಿಪೇರಿಯವನು ಅದನ್ನು ನೋಡಿದ. ನೋಡಲಿಲ್ಲವೆಂದು ಹೇಳಿಕೊಳ್ಳಲು ಈ ಸಲ ಬಸ್ಸಿರಲಿಲ್ಲ.

"ಆ ಗಂಟು ಮಾತ್ರ ಮುಟ್ಟಬೇಡಪ್ಪ," ಎಂದ.

ಗುಜರಿಯವನು ಬಗ್ಗಿ ನೋಡಿ ನಕ್ಕ. "ಯಾಕಣ್ಣ, ಅತ್ತಿಗೇದಾ?"

ಪೂರ್ತಿ ಹೇಳಬಹುದಿತ್ತು. ನಾಲ್ಕು ಮಾತಿನ ಕತೆ. ಕೈಯಲ್ಲಿದ್ದ ಫೋನಿನಲ್ಲಿ, ಪಕ್ಕದ ಮನೆಯಾಕೆ ಅಕ್ಕನನ್ನು ಸೇರಿಸಿದ್ದ ಆಸ್ಪತ್ರೆಯ ಗಾಲಿಮಂಚ ಗಡಗಡ ಎನ್ನುತ್ತಿತ್ತು. "ಪಟ್ಟಿ ತಂದರು ಕಣೋ," ಎಂದಳು ಅಕ್ಕ. "ಎಲ್ಲಿದೀಯ? ಮಾತಾಡು."

"ಇಲ್ಲೇ ಇದೀನಿ ಅಕ್ಕ."

ಅವನು ಎದ್ದು ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂತ. ಗೋಡೆಗೆ ತಲೆಯಾನಿಸಿದ. ಮುದುಕನ ತಲೆ ಒರಗಿ ಒರಗಿ ಸುಣ್ಣ ಸವೆದ ಜಾಗಕ್ಕೆ ಅವನ ತಲೆ ಸರಿಯಾಗಿ ಕೂತಿತು. ಹಿಂದೆ ಕಟರಿನ ಬಾಯಿ ತೆರೆದ ಸದ್ದಾಯಿತು. ಅವನು ಕಣ್ಣು ಮುಚ್ಚಿಕೊಂಡು, ಅಕ್ಕನ ಜೊತೆ ಮಾತಾಡುತ್ತಲೇ ಹೋದ.